ನಾಲ್ಕು ಪೆಟ್ಟು ಕಡಿಮೆ

ಬೆಳಗಿನ ಐದೂವರೆ. ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಮೊದಲ ಬಸ್ಸು ಇನ್ನೂ ಚಾಲೂ ಆಗಿಲ್ಲ. ಎದುರಿನ ಡಬ್ಬಿ ಅಂಗಡಿಯಲ್ಲಿ ಪಂಚಾಕ್ಷರಪ್ಪ ಟೇಪ್ ರೆಕಾರ್ಡರಿನ ಹಿಂಬದಿ ಬಿಚ್ಚಿ, ಮೋಟಾರಿನ ಸಣ್ಣ ತೂತಿಗೆ ಸ್ಕ್ರೂಡ್ರೈವರ್ ಇಟ್ಟು, ಕೈಗಡಿಯಾರ ನೋಡುತ್ತಿದ್ದಾರೆ. ಇಂಗ್ಲಿಷ್ ಹಾಡೊಂದು ಬರುತ್ತಿದೆ. ಗಿಟಾರು, ಡ್ರಮ್ಮು, ಒಡಕು ಗಂಡು ದನಿ. ನಿಮಿಷಕ್ಕೆ ಡ್ರಮ್ಮಿನ ಪೆಟ್ಟು ಎಪ್ಪತ್ತು. ಸ್ಕ್ರೂ ಕೂದಲೆಳೆಯಷ್ಟು ತಿರುಗುತ್ತದೆ. ಎಪ್ಪತ್ತೆರಡು. ಮುಚ್ಚಳ ಹಾಕುತ್ತಾರೆ.

“ಬಸ್ಸು ಶುರುವಾದ್ರ ಕಿವಿ ಕೆಡತಾವ್ರಿ. ಈ ಕೆಲಸ ಈಗ ಆಗಬೇಕು.”

ಮೋಟಾರು ನಿಧಾನವಾದರೆ ಹಾಡಿನ ಓಟವೂ ಶ್ರುತಿಯೂ ಒಟ್ಟಿಗೆ ಇಳಿಯುತ್ತವೆ. ಅದನ್ನು ಹಿಡಿಯಲು ಪಂಚಾಕ್ಷರಪ್ಪನವರ ಬಳಿ ಇರುವುದು ಈ ಒಂದೇ ಹಾಡು. ರೈಲ್ವೆ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ೧೯೮೮ರಲ್ಲಿ ಕ್ಯಾಸೆಟ್ಟನ್ನು ಕೊಟ್ಟು, ಪಕ್ಕದಲ್ಲೇ ನಿಂತು ಸರಿಯಾದ ವೇಗ ತೋರಿಸಿಹೋದರು. ಮತ್ತೆ ಬರಲಿಲ್ಲ.

“ಹನ್ನೆರಡು ವರ್ಷ ಆತ್ರಿ, ಒಂದ ಹಾಡು,” ಎನ್ನುತ್ತಾರೆ ನನಗೂ ಚಹಾ ತಂದ ಹೆಂಡತಿ ಶಿವಬಸಮ್ಮ. “ಒಂದು ಮಾತರ ತಿಳದೈತೇನ್ ಕೇಳ್ರಿ ಇವ್ರನ್ನ.”

“ಮಾತು ಯಾಕ ಬೇಕು? ಎಪ್ಪತ್ತೆರಡಕ್ಕ ಇದ್ರ ಯಾರೋ ಊರಿಗೆ ಹೊಂಟಂಗ ಕೇಳತೈತಿ. ಅರವತ್ತೆಂಟಕ್ಕ ಬಂದ್ರ, ಹೋದವ್ರು ಬರಲೇ ಇಲ್ಲ ಅಂದಂಗ.”

ಅರವತ್ತೆಂಟರ ಮಾತು ಸುಮ್ಮನೆ ಬಂದದ್ದಲ್ಲ. ದಿನವೂ ಓಡಿ ಕ್ಯಾಸೆಟ್ಟು ಸವೆಯುತ್ತಿದೆಯೆಂದು ಅವರು ೧೯೯೧ರಲ್ಲಿ ಅದರ ಪ್ರತಿ ಮಾಡಿಕೊಂಡು, ಮೂಲವನ್ನು ಟ್ರಂಕಿನಲ್ಲಿಟ್ಟರು. ಪ್ರತಿ ಮಾಡಿದ ಮಷಿನ್ನೇ ನಿಧಾನವಿತ್ತು. ಅದರಲ್ಲೇ ಹಾಕಿ ಕೇಳಿದ್ದರಿಂದ ತಪ್ಪು ತಿಳಿಯಲಿಲ್ಲ. ಆರು ವರ್ಷ ಆ ಪ್ರತಿಯನ್ನೇ ನಂಬಿ, ದಿನಕ್ಕೆ ಮೂರು ನಾಲ್ಕರಂತೆ ಮಷಿನ್ನುಗಳನ್ನು ‘ಸರಿ’ ಮಾಡಿದರು. ಎಲ್ಲವೂ ನಿಧಾನವಾದವು.

ಕಂಡುಹಿಡಿದವರು ಹಡಗಲಿಯ ನಾಟಕದ ಹಾರ್ಮೋನಿಯಂ ಮಾಸ್ತರ ಶಿವಯೋಗಪ್ಪ. “ಕಪ್ಪು ಒಂದರಾಗಿನ ಪದ ನಿನ್ನ ಮಷಿನ್‌ನ್ಯಾಗ ಬಿಳಿ ಒಂದಕ್ಕ ಇಳದೈತಲ್ಲೋ, ಪಂಚಾಕ್ಷರಿ,” ಎಂದರಂತೆ. ಅಂದರೆ ಶ್ರುತಿ ಹಾರ್ಮೋನಿಯಂನ ಕಪ್ಪು ಮನೆಯಿಂದ ಪಕ್ಕದ ಬಿಳಿ ಮನೆಗೆ, ಅರ್ಧ ಸ್ವರ ಕೆಳಗೆ. ಟ್ರಂಕಿನ ಮೂಲ ಕ್ಯಾಸೆಟ್ಟನ್ನು ಅಂಥದ್ದೊಂದು ಮಷಿನ್ನಿಗೆ ಹಾಕಿದರೆ ಎಣಿಕೆ ಅರವತ್ತೆಂಟಕ್ಕೆ ನಿಂತಿತು.

ಒಂದು ವರ್ಷ ಭಾನುವಾರಗಳಂದು ಅವರು ಸ್ಕ್ರೂಡ್ರೈವರ್ ಹಿಡಿದು ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ತಿರುಗಿದರು. ಯಾರೂ ಕರೆದಿರಲಿಲ್ಲ. ಗುಡೇಕೋಟೆಯ ಹುಲುಗಣ್ಣ ನಕ್ಕರು: “ಹಾಡು ನಾಕು ಪೆಟ್ಟು ಹಿಂದ ಬಿದ್ರ ನಮ್ಮ ಕುರಿ ಏನ್ ಬೈತಾವೇನ್ಲೇ?” ಆದರೂ ಪಂಚಾಕ್ಷರಪ್ಪ ಮಷಿನ್ನು ಬಿಚ್ಚಿ ಸರಿಮಾಡಿಯೇ ಎದ್ದರು.

ಕೋಗಳಿಯ ಪಕ್ಕೀರಮ್ಮನವರ ಮಷಿನ್ನನ್ನೂ ಸರಿ ಮಾಡಿದರು. ಮರುದಿನ ಆಕೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು.

“ಅಣ್ಣಾ, ಇದರಾಗಿರೋರು ನಮ್ಮನಿಯವ್ರಲ್ಲ.”

ಕುರಿ ಕಾಯುತ್ತಿದ್ದ ಗಂಡ ತೀರಿಕೊಳ್ಳುವ ಮುಂಚಿನ ವರ್ಷ ಆ ಮಷಿನ್ನಿನಲ್ಲೇ ಆರು ಪದ ಹಾಡಿ ತುಂಬಿಸಿದ್ದರು. ನಿಧಾನದ ಮಷಿನ್ನಿನಲ್ಲಿ ತುಂಬಿದ ದನಿ ಅದೇ ನಿಧಾನದಲ್ಲಿ ಓಡಿದರೆ ಮಾತ್ರ ಅವರದು. ಸರಿಯಾದ ಮಷಿನ್ನಿನಲ್ಲಿ ಅದು ತೆಳ್ಳಗಾಗಿ, ಅವಸರದಲ್ಲಿ ಹಾಡುವ ಬೇರೆ ಯಾರದೋ ದನಿಯಾಗಿತ್ತು.

ಪಂಚಾಕ್ಷರಪ್ಪ ಬಿಸಾಕಬೇಕೆಂದಿದ್ದ ತಪ್ಪು ಪ್ರತಿಯನ್ನು ಹುಡುಕಿ ತೆಗೆದು, ಅದರ ಎಣಿಕೆ ಎಪ್ಪತ್ತೆರಡಕ್ಕೆ ಬರುವವರೆಗೆ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದರು. ಪಕ್ಕೀರಮ್ಮ ಮೊದಲ ಪದದ ಮೊದಲ ಸಾಲು ಕೇಳಿ ಗುಂಡಿ ಒತ್ತಿ ನಿಲ್ಲಿಸಿದರು.

“ಹ್ಞೂ. ಇವ್ರ.”

ಈಗ ವರ್ಷಕ್ಕೊಮ್ಮೆ ಮಷಿನ್ನಿನ ಬೆಲ್ಟ್ ಬದಲಿಸಿಕೊಳ್ಳಲು ಪಕ್ಕೀರಮ್ಮ ಬರುತ್ತಾರೆ. ನಿನ್ನೆ ಸಂಜೆಯೇ ಊರಿಗೆ ಬಂದಿದ್ದವರು ಇವತ್ತೂ ಬೆಂಚಿನ ಮೇಲೆ ಕೂತಿದ್ದಾರೆ. ಪಂಚಾಕ್ಷರಪ್ಪ ಟ್ರಂಕಿನಿಂದ ತಪ್ಪು ಪ್ರತಿ ತೆಗೆದು ಹಾಕುತ್ತಾರೆ. ಅದು ಓಡುವುದು ಈ ಒಂದು ಮಷಿನ್ನಿಗೆ ಮಾತ್ರ. ಮಷಿನ್ನಿನ ಮುಚ್ಚಳದ ಒಳಗೆ ಕೆಂಪು ಬಣ್ಣದಲ್ಲಿ ಬರೆದಿದೆ: ಸ್ಕ್ರೂ ಮುಟ್ಟಬಾರದು.

ಮುಂದೆ ಏನಾಗಬೇಕು ಎಂದು ಪಂಚಾಕ್ಷರಪ್ಪನವರನ್ನು ಕೇಳಿದೆ. ಅವರು ಸ್ಕ್ರೂಡ್ರೈವರ್ ಒರೆಸುತ್ತಾರೆ.

“ನನ್ನ ಹಿಂದ ಯಾರರ ಕೆಲಸ ಬಲ್ಲವ್ರು ಬಂದು ಇದನ್ನ ಸರಿ ಮಾಡದಿದ್ರ ಸಾಕ್ರಿ.”