ಎರಡು ಕಡೆ ಬ್ರೇಕಿನ ಡುಗುಡುಗಿ

ಹೊಲಹೊಲಕ್ಕೂ ಕರೆಂಟಿನ ಕಂಬ ಬಂದು, ಬಾವಿ ದಂಡೆಯ ಡೀಸೆಲ್ ಎಂಜಿನ್ನುಗಳು ಒಂದೊಂದಾಗಿ ಕೊಟ್ಟಿಗೆಯ ಮೂಲೆ ಸೇರುತ್ತಿದ್ದ ಕಾಲ ಅದು. ನಮ್ಮ ಮೂಡಲಗಿ ಕಡೆಯವರಿಗೆ ನೆನಪಿದ್ದೀತು. ಉಳಿದವರ ಎಂಜಿನ್ನುಗಳು ಮೂಲೆಯಲ್ಲೇ ತುಕ್ಕು ಹಿಡಿದವು. ನಮ್ಮದು ಮಾತ್ರ ರಸ್ತೆಗೆ ಇಳಿಯಿತು. ಇಳಿದು ನಮ್ಮ ಮನೆಯನ್ನು ಒಡೆಯಿತು ಎಂದು ಊರವರು ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪಾಪ, ಅದು ಕಬ್ಬಿಣ. ಒಡೆದವರು ಮನುಷ್ಯರು, ಅದೂ ನನಗೆ ರೊಟ್ಟಿ ಮುರಿದು ತಿನ್ನಿಸಿದ ಮನುಷ್ಯರು.

ಆ ಎಂಜಿನ್ನು ಕೂರಿಸಿ ಗಾಡಿ ಕಟ್ಟಿದವನು ಅಪ್ಪನ ತಮ್ಮ, ಮಲ್ಲೂ ಕಾಕಾ. ಗೋಕಾಕದ ಗುಜರಿಯಿಂದ ಹಳೆಯ ಜೀಪಿನ ಅಚ್ಚು ಮತ್ತು ಗೇರಿನ ಪೆಟ್ಟಿಗೆ ತಂದ. ಹುಕ್ಕೇರಿಯಲ್ಲಿ ಕೆಟ್ಟು ಬಿದ್ದ ಟ್ರ್ಯಾಕ್ಟರಿನ ಸ್ಟೇರಿಂಗ್ ಸಿಕ್ಕಿತು. ನಮ್ಮದೇ ಮುರಿದ ಎತ್ತಿನ ಗಾಡಿಯ ಹಲಗೆ, ನಮ್ಮದೇ ಬದುವಿನ ಜಾಲಿಮರದ ತೊಲೆ. ಮೂಡಲಗಿಯ ವೆಲ್ಡಿಂಗ್ ರಾಜೇಸಾಬ ಚಾಚಾ ಎಲ್ಲವನ್ನೂ ಬೆಸೆದು ಕೊಟ್ಟ. ಮುಂದಿನ ತೊಲೆಗಳ ಮೇಲೆ ನಾಲ್ಕು ನಟ್ಟು ಬಿಗಿದು ಎಂಜಿನ್ನು ಕೂರಿಸಿ, ಅದರ ದೊಡ್ಡ ಚಕ್ರದಿಂದ ಕೆಳಗಿನ ಗೇರಿಗೆ ಅಂಗೈ ಅಗಲದ ಪಟ್ಟಾ ಹಾಕಿದರು. ಹೊರಟರೆ ಡುಗು ಡುಗು ಎನ್ನುವ ಸದ್ದು ಎರಡು ಹೊಲದಾಚೆ ಕೇಳುತ್ತಿತ್ತು. ಡುಗುಡುಗಿ ಎಂದೇ ಹೆಸರಾಯಿತು.

ಅದನ್ನು ಚಾಲೂ ಮಾಡುವುದೇ ಒಂದು ಕುಸ್ತಿ. ಸೊಟ್ಟನೆಯ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ತಿರುವಬೇಕು. ತಿರುವುವವನ ಉಸಿರು ಅರ್ಧಕ್ಕೆ ನಿಂತರೆ ಹ್ಯಾಂಡಲ್ ಉಲ್ಟಾ ತಿರುಗಿ ಹೊಡೆಯುತ್ತಿತ್ತು. ಕಾಕಾನ ಮುಂದಿನ ಹಲ್ಲು ಹೋದದ್ದು ಹಾಗೆಯೇ. ಅವನು ಬಾಯಿ ತುಂಬ ರಕ್ತ ಉಗುಳುತ್ತಾ ಬಂದಾಗ ಅವನ ಹೆಂಡತಿ, ನಮ್ಮ ಕಾಕು, ನೀರು ಕೊಟ್ಟು, "ಊರಾಗ ನಾನ ಹೊಡದೇನಿ ಅಂತ ಹೇಳ್ರಿ, ಮರ್ಯಾದಿ ಆದ್ರೂ ಉಳಿತೈತಿ" ಅಂದಳು.

ಇಷ್ಟೆಲ್ಲ ಇದ್ದರೂ ಡುಗುಡುಗಿಗೆ ಸರಿಯಾದ ಬ್ರೇಕು ಇರಲಿಲ್ಲ. ಜೀಪಿನ ಬ್ರೇಕು ಎಂದೋ ಸವೆದಿತ್ತು. ಕಾಕಾ ಹಿಂದಿನ ಎರಡೂ ಗಾಲಿಗಳ ಹತ್ತಿರ ಒಂದೊಂದು ಕಟ್ಟಿಗೆಯ ದಿಮ್ಮಿ ಇಟ್ಟು, ಅದನ್ನು ಟಾಯರಿಗೆ ಒತ್ತಲು ಒಂದೊಂದು ತುಳಿಯುವ ಹಲಗೆ ಮಾಡಿದ್ದ. ಓಡಿಸುವವನ ಕಾಲು ಅಲ್ಲಿಗೆ ಎಟುಕುತ್ತಿರಲಿಲ್ಲ. ಹಾಗಾಗಿ ಎಡಗಡೆಯ ಬ್ರೇಕು ಕಾಕಾನ ಮಗಳು ಕಸ್ತೂರಿಯದು, ಬಲಗಡೆಯದು ನನ್ನದು. "ಹಾಕ್ರೇ" ಎಂದು ಕಾಕಾ ಕೂಗಿದ ಕೂಡಲೇ ಇಬ್ಬರೂ ಎದ್ದು ನಿಂತು ಮೈಭಾರವೆಲ್ಲ ಬಿಟ್ಟು ತುಳಿಯಬೇಕು. ಇಬ್ಬರೂ ಒಟ್ಟಿಗೆ ತುಳಿದರೆ ಗಾಡಿ ನೆಟ್ಟಗೆ ನಿಲ್ಲುತ್ತಿತ್ತು. ಒಬ್ಬಳು ತಡಮಾಡಿದರೆ ತಿರುಗಿ ಗಟಾರಕ್ಕೆ ಇಳಿಯುತ್ತಿತ್ತು.

ತಡಮಾಡುವವಳು ನಾನೇ. ಒಮ್ಮೆ ಗೋಕಾಕದ ಸಂತೆಗೆ ಹೊರಟ ಬದನೆಕಾಯಿಯ ಬುಟ್ಟಿಗಳೆಲ್ಲ ಕಾಲುವೆ ಪಾಲಾದವು. "ನೀಲಿ, ನೀ ತಡಾ ಮಾಡಿದಿ" ಎಂದು ಕಸ್ತೂರಿ ನನ್ನ ಜಡೆ ಹಿಡಿದು ಬೆನ್ನಿಗೆ ಗುದ್ದಿದಳು. ನಾನು ಅವಳ ಮುಂಗೈ ಕಚ್ಚಿದೆ. ನಮ್ಮ ಮನೆತನದಲ್ಲಿ ಪ್ರೀತಿಗೂ ಸಿಟ್ಟಿಗೂ ಕೈಯೇ ಮುಂದು. ಮುಂದಿನ ತಿರುವಿನಲ್ಲಿ ಇಬ್ಬರೂ ಕಣ್ಣು ಒರೆಸಿಕೊಂಡು ಒಟ್ಟಿಗೆ ತುಳಿದೆವು.

ಆ ಕಬ್ಬಿನ ಹಂಗಾಮಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಒಣ ಕಬ್ಬಿನೆಲೆಯ ರವದಿ ಸುಟ್ಟ ಹೊಗೆ, ಕುದಿಯುವ ಬೆಲ್ಲ, ಅದರ ನಡುವೆ ಡೀಸೆಲ್ಲು. ಎಂಜಿನ್ ತಂಪಾಗಲಿಕ್ಕೆ ಅದರ ನೆತ್ತಿಯ ಮೇಲೊಂದು ನೀರಿನ ಡಬ್ಬಿ ಇತ್ತು. ಊರು ಬಿಡುವಾಗ ಬಟ್ಟೆಯಲ್ಲಿ ಗೆಣಸು ಕಟ್ಟಿ ಅದರೊಳಗೆ ಇಳಿಬಿಟ್ಟರೆ ಮೂಡಲಗಿ ಮುಟ್ಟುವಷ್ಟರಲ್ಲಿ ಬೆಂದಿರುತ್ತಿದ್ದವು. ಪಾಟಿಚೀಲ ಹೊತ್ತು ಸಾಲಿಗೆ ಹೋಗುವ ದಾರಿಯಲ್ಲಿ ಬಾಯಿ ಸುಟ್ಟುಕೊಂಡು ತಿನ್ನುತ್ತಿದ್ದೆವು. ಸ್ವಲ್ಪ ಡೀಸೆಲ್ ರುಚಿ ಇರುತ್ತಿತ್ತು. ಅಂಥ ಗೆಣಸು ಆಮೇಲೆ ನಾನು ತಿಂದಿಲ್ಲ.

ಅಪ್ಪನಿಗೆ ಮಾತ್ರ ಆ ಗಾಡಿಯನ್ನು ಕಂಡರೆ ಆಗುತ್ತಿರಲಿಲ್ಲ. ತಾನು ಮಣ್ಣಿನಲ್ಲಿ ಬಗ್ಗಿರುವಾಗ ತಮ್ಮ ಊರೂರು ಮೆರೆಯುತ್ತಾನೆ ಎಂಬ ಉರಿ ಅವನಿಗೆ. ಒಂದು ದಿನ ಕಬ್ಬಿಗೆ ಕಾಲುವೆ ನೀರು ತಿರುವುವ ಪಾಳಿ ಕಾಕಾನದಿತ್ತು. ಅವನು ಯಾರದೋ ಮದುವೆಯ ಪಾತ್ರೆ ತರಲು ಡುಗುಡುಗಿ ಹೊಡೆದುಕೊಂಡು ಅಂಕಲಗಿಗೆ ಹೋಗಿದ್ದ. ನೀರು ಪಕ್ಕದವರ ಹೊಲಕ್ಕೆ ಹೋಯಿತು. ಸಂಜೆ ಕಾಕಾ ಗಾಡಿಯಿಂದ ಇಳಿಯುವ ಮೊದಲೇ ಅಪ್ಪ ಅವನ ಕಪಾಳಕ್ಕೆ ಬಾರಿಸಿದ. ಕಾಕಾ ಬಿದ್ದವನು ಎದ್ದು ಅಪ್ಪನ ಹೊಟ್ಟೆಗೆ ತಲೆಯಿಂದ ಗುದ್ದಿದ. ಇಬ್ಬರೂ ಕೆಸರಿನಲ್ಲಿ ಹೊರಳಾಡಿದರು. ಬಿಡಿಸಲು ಹೋದ ಅವ್ವನ ಬಳೆಗಳು ಒಡೆದು ಮಣಿಕಟ್ಟು ಹರಿಯಿತು. ನಾನು ಮತ್ತು ಕಸ್ತೂರಿ ಗಾಡಿಯ ಮೇಲೇ ಕೂತಿದ್ದೆವು. ಇಳಿದರೆ ಯಾರ ಕಡೆ ಹೋಗಬೇಕು ಎಂಬುದು ನಮಗೆ ತಿಳಿಯಲಿಲ್ಲ.

ಅಂದಿನ ರೊಟ್ಟಿಯ ಹೊತ್ತಿಗೇ ಕಾಕು ಪಾಲು ಕೇಳಿದಳು.

ನಮ್ಮ ಕಡೆ ಮನೆಯ ಹಿರಿಯ ಪಾಲು ಮಾಡುತ್ತಾನೆ, ಕಿರಿಯ ಮಗ ಮೊದಲು ಆರಿಸಿಕೊಳ್ಳುತ್ತಾನೆ. ಅಜ್ಜ ಹೊಲ, ದನ, ಪಾತ್ರೆ ಎಲ್ಲವನ್ನೂ ಎರಡು ಪಾಲು ಮಾಡಿದ. ಡುಗುಡುಗಿಗೆ ಬಂದಾಗ ಬಹಳ ಹೊತ್ತು ತಂಬಾಕು ತಿಕ್ಕುತ್ತಾ ಕೂತ. ಕೊನೆಗೆ, "ಬಾವಿ ಕಡೀ ಹೊಲದ ಪಾಲಿಗೆ ಎಂಜಿನ್ನು. ರಸ್ತೆ ಕಡೀ ಹೊಲದ ಪಾಲಿಗೆ ಗಾಡಿ, ಗಾಲಿ, ಸಾಮಾನು" ಅಂದ. ಕಾಕಾ ಯೋಚಿಸದೆ ಗಾಡಿಯಿದ್ದ ಪಾಲನ್ನೇ ಆರಿಸಿಕೊಂಡ. ಎಂಜಿನ್ನು ಅಪ್ಪನದಾಯಿತು.

ಆಮೇಲೆ ಅಜ್ಜ ನಮ್ಮಿಬ್ಬರನ್ನು ಹತ್ತಿರ ಕೂರಿಸಿಕೊಂಡು ಖುಷಿಯಿಂದ ಹೇಳಿದ: "ಒಂದೊಂದ ಎತ್ತು ಇದ್ದಾವ್ರು ಇಬ್ಬರೂ ಕೂಡಿ ಹೂಡತಾರಿಲ್ಲೋ? ಹಂಗ ಮಾಡೇನಿ. ಅಂವಗ ಎಂಜಿನ್ ಬೇಕು, ಇಂವಗ ಗಾಡಿ ಬೇಕು. ಕೂಡಲಾರದ ಎಲ್ಲಿಗಿ ಹೋಗತಾರ ನೋಡೂಣು."

ಅಜ್ಜನಿಗೆ ಎತ್ತುಗಳ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಮಕ್ಕಳದು ಗೊತ್ತಿರಲಿಲ್ಲ. ನಾವಿಬ್ಬರೂ ಅವನನ್ನು ನಂಬಿದ್ದೆವು. ಮನೆ ಎರಡಾದರೂ ಬ್ರೇಕು ನಮ್ಮಿಬ್ಬರ ಕೈಬಿಡುವುದಿಲ್ಲ, ಬೆಳಿಗ್ಗೆ ಸಾಲಿಗೆ ಒಟ್ಟಿಗೇ ಹೋಗುತ್ತೇವೆ ಎಂದು ಅಂದು ಹಿತ್ತಲಲ್ಲಿ ಕುಣಿದಿದ್ದೆವು.

ಕೆಲವು ದಿನ ಹೇಗೋ ನಡೆಯಿತು. ಕಾಕಾ ಬಾಗಿಲಲ್ಲಿ ನಿಂತು, "ಅಣ್ಣಾ, ಎಂಜಿನ್ ಒಯ್ಯಲ್ಯಾ?" ಎಂದು ಕೇಳಬೇಕು. ಅಪ್ಪ ಉಣ್ಣುವುದು ಮುಗಿಸಿ, ಕೈ ತೊಳೆದು, ಅಡಿಕೆ ಬಾಯಿಗೆ ಹಾಕಿಕೊಂಡು, ಆಮೇಲೆ ಹೂಂ ಅನ್ನಬೇಕು. ಕೆಲವೊಮ್ಮೆ ಊಹೂಂ ಅನ್ನುತ್ತಿದ್ದ, ಕಾರಣವಿಲ್ಲದೆ. ಕಾಕಾನ ಮುಖ ಕಪ್ಪಗಾಗುತ್ತಿತ್ತು. ಒಂದು ಬೆಳಿಗ್ಗೆ ಅವನು ಕೇಳಲಿಲ್ಲ. ಅಪ್ಪ ಹೊಲದಲ್ಲಿದ್ದಾಗ ಹ್ಯಾಂಡಲ್ ತಿರುವಿ ನಮ್ಮಿಬ್ಬರನ್ನೂ ಹತ್ತಿಸಿಕೊಂಡು ಹೊರಟೇಬಿಟ್ಟ.

ಮಧ್ಯಾಹ್ನ ದನಕ್ಕೆ ಕಬ್ಬಿನ ತುದಿಯ ಹಸಿರು ವಾಡೆ ತುಂಬಿಕೊಂಡು ಬರುತ್ತಿದ್ದೆವು. ನಮ್ಮ ಓಣಿಯ ಇಳಿಜಾರಿಗೆ ಬಂದಾಗ ದಾರಿಯ ನಡುವೆ ಅಪ್ಪ ನಿಂತಿದ್ದ. ಕೈಯಲ್ಲಿ ಕೊಡಲಿ.

"ದಾರಿ ಬಿಟ್ಟ ಸರೀ ಅಣ್ಣಾ" ಎಂದು ಕಾಕಾ ಕೂಗಿದ. ಅಪ್ಪ ಕದಲಲಿಲ್ಲ. ಕಾಕಾ ಪಟ್ಟಾ ಸಡಿಲು ಮಾಡಿದ. ಇಳಿಜಾರು, ಮೇಲೆ ಹೇರು, ಗಾಡಿ ನಿಲ್ಲುವ ಲಕ್ಷಣವೇ ಇರಲಿಲ್ಲ. "ಹಾಕ್ರೇ" ಎಂದ ಅವನ ದನಿ ಒಡೆಯಿತು. ಅಂದು ನಾನು ತಡಮಾಡಲಿಲ್ಲ. ಎದುರಿಗೆ ಇದ್ದವನು ನನ್ನಪ್ಪ. ಹಲಗೆಯ ಮೇಲೆ ನಿಂತು, ಹೇರಿನ ಹಗ್ಗ ಹಿಡಿದು ಮೈಭಾರವೆಲ್ಲ ಬಿಟ್ಟು ತುಳಿದೆ. ಪಕ್ಕದಲ್ಲಿ ಕಸ್ತೂರಿಯೂ ಹಾಗೇ ತುಳಿದಳು. ರಬ್ಬರು ಸುಟ್ಟ ಹೊಗೆಯಲ್ಲಿ ಡುಗುಡುಗಿ ಅಪ್ಪನ ಎದೆಯ ಮುಂದೆ ಬಂದು ನಿಂತಿತು. ಅಷ್ಟು ನೆಟ್ಟಗೆ ಅದು ಎಂದೂ ನಿಂತಿರಲಿಲ್ಲ.

"ನನ್ನ ಎಂಜಿನ್ ಇಳಸ" ಎಂದ ಅಪ್ಪ.

"ಇಳಸ್ಕೋ. ಪಾನಾ ನನ್ನ ಪಾಲಿಂದು, ಅದನ್ನ ಮುಟ್ಟಬ್ಯಾಡ" ಎಂದ ಕಾಕಾ.

ನಾಲ್ಕು ನಟ್ಟು ಬಿಚ್ಚಿದ್ದರೆ ಎಂಜಿನ್ನು ಇಳಿಯುತ್ತಿತ್ತು. ನಟ್ಟು ಬಿಚ್ಚುವ ಪಾನಾ ಅಲ್ಲೇ ಸೀಟಿನ ಕೆಳಗಿತ್ತು. ಅಪ್ಪ ಕೇಳಲಿಲ್ಲ, ಕಾಕಾ ಕೊಡಲಿಲ್ಲ. ನಮ್ಮನ್ನು ರಟ್ಟೆ ಹಿಡಿದು ಕೆಳಗೆ ಎಳೆದುಹಾಕಿ ಅಪ್ಪ ಕೊಡಲಿ ಎತ್ತಿದ. ಎಂಜಿನ್ನು ಇನ್ನೂ ಓಡುತ್ತಲೇ ಇತ್ತು. ಅದನ್ನು ಹೊತ್ತಿದ್ದ ಜಾಲಿ ತೊಲೆಗೇ ಹೊಡೆದ. ಚಕ್ಕೆಗಳು ಹಾರಿ ನನ್ನ ಕೆನ್ನೆಗೆ ಬಿದ್ದವು. ಒಂದು ತೊಲೆ ಮುರಿದಾಗ ಎಂಜಿನ್ನು ವಾಲಿತು. ಇನ್ನೊಂದು ಮುರಿದಾಗ ದೊಪ್ಪನೆ ನೆಲಕ್ಕೆ ಬಿತ್ತು. ಬಿದ್ದರೂ ಸಾಯಲಿಲ್ಲ. ಕುತ್ತಿಗೆ ಕೊಯ್ದ ಕೋಳಿಯ ಹಾಗೆ ಓಣಿಯ ತುಂಬ ಕುಪ್ಪಳಿಸತೊಡಗಿತು. ಕುದಿಯುವ ನೀರು ಎರಚಿತು. ಹರಿದ ಪಟ್ಟಾ ಬೀಸಿ ಕಾಕಾನ ಮುಖದ ಮೇಲೆ ಬಾರುಕೋಲಿನಂತೆ ಬಿತ್ತು. ಅವನ ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಯಿತು.

ಆ ನೋವಿನಲ್ಲಿ ಅವನ ಕೈಗೆ ಸಿಕ್ಕದ್ದು ಹ್ಯಾಂಡಲ್. ಎರಡೂ ಕೈಯಿಂದ ಎತ್ತಿ ಅಪ್ಪನ ತಲೆಗೆ ಬೀಸಿದ. ಅಜ್ಜ ಎಲ್ಲಿಂದ ಓಡಿಬಂದನೋ, ಇಬ್ಬರ ನಡುವೆ ಕೈ ಅಡ್ಡ ಹಿಡಿದ. ಒಣ ಕಬ್ಬು ಮುರಿದಂಥ ಸದ್ದು ಕೇಳಿತು. ಎಂಜಿನ್ನಿನ ಗದ್ದಲದಲ್ಲೂ ಅದು ಸ್ಪಷ್ಟವಾಗಿ ಕೇಳಿತು.

ಅವ್ವ ಬಾವಿಯ ಮೇಲೆ ವರ್ಷಗಟ್ಟಲೆ ಅದೇ ಎಂಜಿನ್ನು ನಡೆಸಿದವಳು. ಗೋಣಿಚೀಲ ತಂದು, ಕುಪ್ಪಳಿಸುವುದರ ಮೇಲೇ ಬಿದ್ದು, ಗಾಳಿ ಎಳೆಯುವ ಬಾಯಿಗೆ ತುರುಕಿದಳು. ಕೆಮ್ಮಿ ಕೆಮ್ಮಿ ಅದು ನಿಂತಿತು. ಅವಳ ಮೊಣಕೈವರೆಗೆ ಚರ್ಮ ಬೆಂದಿತ್ತು. ಆ ಕಲೆ ಕೊನೆಯವರೆಗೂ ಹೋಗಲಿಲ್ಲ.

ಅಜ್ಜನನ್ನು ಬೇಗ ಮೂಡಲಗಿಗೆ ಒಯ್ಯಬೇಕಿತ್ತು. ಒಯ್ಯುವ ಗಾಡಿ ಎರಡು ತುಂಡಾಗಿ ಓಣಿಯಲ್ಲಿ ಬಿದ್ದಿತ್ತು. ಪಕ್ಕದವರ ಎತ್ತಿನ ಗಾಡಿ ಕಟ್ಟಿಸಿ ವಾಡೆಯನ್ನೇ ಹಾಸಿ ಮಲಗಿಸಿದರು. ಅಪ್ಪ ಒಂದು ಕಡೆ, ಕಾಕಾ ಇನ್ನೊಂದು ಕಡೆ ನಡೆದರು. ಒಬ್ಬರನ್ನೊಬ್ಬರು ನೋಡಲಿಲ್ಲ. ಅಜ್ಜ ಆಕಾಶ ನೋಡುತ್ತಾ, "ಕೂಡಿರ್ಲಿ ಅಂತ ಹಂಚಿದ್ನಿ. ಹಂಚಬಾರದಿತ್ತು" ಅಂದ.

ಕೆಲವು ದಿನದ ಮೇಲೆ ರಾಜೇಸಾಬ ಚಾಚಾ ಯಾರೂ ಕರೆಯದೆಯೇ ಸೈಕಲ್ಲಿನ ಮೇಲೆ ಸಾಮಾನು ಕಟ್ಟಿಕೊಂಡು ಬಂದ. ಸುದ್ದಿ ಅವನನ್ನೂ ಮುಟ್ಟಿತ್ತು. "ತೊಲಿ ಬದ್ಲಿ ಕಬ್ಬಿಣ ಹಾಕಿ ಕೂಡಸ್ತೇನ್ರಿ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಎತ್ತಿ ಹಿಡದ್ರ ಸಾಕು" ಎಂದು ಅಜ್ಜನಿಗೆ ಹೇಳಿದ. ಅಜ್ಜ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಎರಡೂ ಬಾಗಿಲಿಗೆ ಹೋಗಿ ಕರೆದ. ಯಾರೂ ಹೊರಗೆ ಬರಲಿಲ್ಲ. ಚಾಚಾ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತ. ಅವ್ವ ಕೊಟ್ಟ ರೊಟ್ಟಿಯ ಜೊತೆ ಶೇಂಗಾ ಹಿಂಡಿಯ ಚಟ್ನಿ ತಿಂದ. "ಬರ್ತೇನ್ರಿ ಅಜ್ಜಾ" ಎಂದು ಸೈಕಲ್ ಹತ್ತಿದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎದುರಿನ ಕಿಟಕಿಯಲ್ಲಿ ಕಸ್ತೂರಿ ನಿಂತಿದ್ದಳು. ಅವಳ ಕಡೆ ಕೈ ಎತ್ತಿದ್ದಕ್ಕೆ ಅಪ್ಪ ನನ್ನ ಬೆನ್ನಿಗೆ ಬಾರಿಸಿದ. ಅವತ್ತಿನಿಂದ ನಾನು ಸಾಲಿಗೆ ಕಾಲುವೆಯ ದಾರಿ ಹಿಡಿದೆ, ಅವಳು ರಸ್ತೆಯ ದಾರಿ ಹಿಡಿದಳು.

ಅಜ್ಜನ ಕೈ ಸೊಟ್ಟಗೇ ಕೂಡಿತು, ಥೇಟ್ ಆ ಹ್ಯಾಂಡಲ್‌ನ ಹಾಗೆ. ಅದೇ ಕೈಯಲ್ಲಿ ತಂಬಾಕು ತಿಕ್ಕುತ್ತಾ ಇನ್ನೂ ಕೆಲವು ವರ್ಷ ಬದುಕಿದ. ಎಂಜಿನ್ನು ನಮ್ಮ ಕೊಟ್ಟಿಗೆಯಲ್ಲಿ ಉಳಿಯಿತು, ಅದರ ಮಗ್ಗುಲಿಗೆ ಕೋಳಿಗಳು ಮೊಟ್ಟೆ ಇಟ್ಟವು. ಗಾಡಿ ಕಾಕಾನ ಹಿತ್ತಲಲ್ಲಿ ಉಳಿಯಿತು, ಅದರ ಮೇಲೆ ಕಾಕು ಸಂಡಿಗೆ ಒಣಹಾಕಿದಳು. ಎರಡರ ನಡುವೆ ಒಂದು ಗೋಡೆ ಎದ್ದಿತು. ಇಷ್ಟಕ್ಕಾಗಿ ಅವರು ಬಡಿದಾಡಿದರು ಎಂದು ನೆನೆದರೆ ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ. ಇಬ್ಬರೂ ಈಗಿಲ್ಲ, ಸಿಟ್ಟು ಮಾತ್ರ ಇದೆ.

ಹೋದ ಚಳಿಗಾಲ ಹುಕ್ಕೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಸೆರಗು ಹೊದ್ದ ಒಬ್ಬ ಹೆಂಗಸು ಬಂದು ಕೂತಳು. ಮುಂಗೈ ನೋಡಿ ಗುರುತು ಹಿಡಿದೆ, ನನ್ನ ಹಲ್ಲಿನ ಗುರುತು ಇನ್ನೂ ಇತ್ತು. ಕಸ್ತೂರಿ. ಅವಳನ್ನು ಹುಕ್ಕೇರಿಯ ಕಡೆ ಕೊಟ್ಟಿದ್ದು ಬೇರೆಯವರ ಬಾಯಿಂದ ಕೇಳಿದ್ದೆ.

"ಆರಾಮ?" ಎಂದೆ.

"ಆರಾಮ" ಎಂದಳು. ಇಬ್ಬರೂ ಎದುರಿನ ಗಾಜು ನೋಡುತ್ತಾ ಕೂತೆವು.

ಧುಪದಾಳ ಹತ್ತಿರ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತು. ಡ್ರೈವರು ಗಕ್ಕನೆ ಬ್ರೇಕು ಹಾಕಿದ. ನನ್ನ ಕಾಲು ತಾನಾಗಿಯೇ ಬಸ್ಸಿನ ನೆಲವನ್ನು ಜೋರಾಗಿ ತುಳಿಯಿತು. ಪಕ್ಕದಲ್ಲಿ ಅವಳ ಕಾಲೂ ತುಳಿದಿತ್ತು. ಇಬ್ಬರೂ ಕೆಳಗೆ ನೋಡಿದೆವು. ಅವಳು ಸೆರಗು ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು:

"ನೀಲಿ, ನೀ ತಡಾ ಮಾಡಿದಿ."

ಅವಳ ಮುಂಗೈ ಹಿಡಿದುಕೊಂಡೆ. ಘಟಪ್ರಭಾದಲ್ಲಿ ಅವಳು ಇಳಿಯುವವರೆಗೂ ಬಿಡಲಿಲ್ಲ.

ಈಗ ನಮ್ಮ ತವರಿನಲ್ಲಿ ಟ್ರ್ಯಾಕ್ಟರಿದೆ, ಗೋಡೆಯಾಚೆ ಅವಳ ತವರಿನಲ್ಲೂ ಇದೆ. ಎರಡೂ ಬಾಗಿಲಲ್ಲಿ ಬೈಕುಗಳು ಸಾಲಾಗಿ ನಿಂತಿರುತ್ತವೆ. ಹ್ಯಾಂಡಲ್ ತಿರುವುವ ಕಷ್ಟವಿಲ್ಲ, ಯಾರ ಹಲ್ಲೂ ಉದುರುವುದಿಲ್ಲ. ಅವುಗಳಲ್ಲಿ ಯಾವುದನ್ನೂ ನಿಲ್ಲಿಸಲು ಪಕ್ಕದಲ್ಲಿ ಇನ್ನೊಬ್ಬರು ಬೇಕಾಗುವುದಿಲ್ಲ.