ಶೀರಾದ ಪ್ರಶ್ನೆ ಹೊತ್ತು ಬೇಲಾಪುರಕ್ಕೆ

ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿದರೆ ಕೂರಲು ಜಾಗ ಸಿಗುತ್ತದೆ ಎಂದು ಯಾರು ಹೇಳಿದರೋ, ಅವರು ಮಳೆಗಾಲದ ಸೋಮವಾರ ಬೆಳಿಗ್ಗೆ ಒಮ್ಮೆ ಬಂದು ನೋಡಬೇಕು. ನಾವು ಮೂವರು ಒದ್ದೆ ಕೊಡೆಗಳನ್ನು ಹಿಡಿದುಕೊಂಡು ಬಾಗಿಲ ಬಳಿಯೇ ನಿಂತೆವು. ಬೇಲಾಪುರದವರೆಗಿನ ಟಿಕೆಟ್ಟು ತಲೆಗೆ ಇಪ್ಪತ್ತು ರೂಪಾಯಿಯೊಳಗೇ ಮುಗಿಯಿತು, ಮಗುವಿಗೆ ಅರ್ಧ. ಇಷ್ಟು ಅಗ್ಗದಲ್ಲಿ ಇಷ್ಟು ನೂಕಿಸಿಕೊಳ್ಳುವ ಭಾಗ್ಯ ಬೇರೆ ಊರಿನವರಿಗಿಲ್ಲ.

ಮೂವರೆಂದರೆ ನಾನು, ನನ್ನ ತಂಗಿ ವಿಜಯಾಳ ಗಂಡ ಸುಧಾಕರ, ಅವರ ಏಳು ವರ್ಷದ ಮಗಳು ಸ್ನೇಹಾ. ಸುಧಾಕರನಿಗೆ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ವೆಜಿಟೇರಿಯನ್ ಹೋಟೆಲಿದೆ. ಊರು ಉಡುಪಿಯ ಕಡೆ. ಕೆಲಸದ ದಿನ ಅವನು ಗಲ್ಲಾ ಬಿಟ್ಟು ಎದ್ದದ್ದನ್ನು ನಾನು ಕಂಡಿಲ್ಲ, ಮದುವೆಯ ಮರುದಿನವೂ ಅಲ್ಲೇ ಕೂತಿದ್ದವನು. ಆವತ್ತು ವಿಜಯಾಳನ್ನು ಗಲ್ಲಾದಲ್ಲಿ ಕೂರಿಸಿ ಹೊರಟಿದ್ದ. ನನ್ನ ಮನೆ, ಕಚೇರಿ ಎರಡೂ ಠಾಣೆಯಲ್ಲಿ. ಡಾಕ್ಟರುಗಳ ಹತ್ತಿರ ಮಾತಾಡಲು ಯಾರಾದರೂ ಬೇಕು ಎಂದು ರಜೆ ಹಾಕಿಸಿ ನನ್ನನ್ನು ಹಿಂದಿನ ದಿನವೇ ಡೊಂಬಿವಲಿಗೆ ಕರೆಸಿಕೊಂಡಿದ್ದರು.

ಸ್ನೇಹಾಳ ಅಣ್ಣ ಪ್ರಣವನಿಗೆ ಎಂಟನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ದೊಡ್ಡವರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವಂಥದ್ದು, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದದ್ದು. ಇಂಥ ಮಕ್ಕಳ ಒಡಹುಟ್ಟಿದವರ ರಕ್ತವನ್ನು ಪರೀಕ್ಷಿಸುವ ಒಂದು ಸಂಶೋಧನೆ ಬೇಲಾಪುರದಲ್ಲಿ ನಡೆಯುತ್ತಿದೆ ಎಂದು ಪ್ರಣವನ ಡಾಕ್ಟರು ಹೇಳಿದ್ದರು. ರಕ್ತವನ್ನು ಸೀಸೆಯಲ್ಲಿ ಕಳಿಸಿದರೆ ಅದರೊಳಗಿನ ಕೋಶಗಳು ದಾರಿಯಲ್ಲೇ ಸೊರಗುತ್ತವಂತೆ, ಆದ್ದರಿಂದ ಮಗುವೇ ಬರಬೇಕಂತೆ.

ಸುಧಾಕರನಿಗೆ ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಅವನ ಹೋಟೆಲಿನಲ್ಲಿ ಅವನ ಅಪ್ಪನ ಕಾಲದಿಂದ ಬಂದ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಒಲೆಯಿಂದ ಇಳಿದ ಮೊದಲ ಶೀರಾ, ಅಂದರೆ ರವೆಯ ಕೇಸರಿಬಾತು, ಗಲ್ಲಾದ ಮೇಲಿನ ದೇವರ ಪಟಕ್ಕೆ ನೈವೇದ್ಯ, ಆಮೇಲೆ ಅದರ ಮೊದಲ ಚಮಚ ಮನೆಯ ಮಗುವಿನ ಬಾಯಿಗೆ, ನಂತರವೇ ಗಿರಾಕಿಗಳಿಗೆ. ಪ್ರಣವನಿಗೆ ಹಲ್ಲು ಬರುವ ಮೊದಲಿನಿಂದಲೂ ಸುಧಾಕರನೇ ತನ್ನ ಕೈಯಾರೆ ತಿನ್ನಿಸಿದ್ದ. ಕಾಯಿಲೆ ಗೊತ್ತಾದ ದಿನ ಆಸ್ಪತ್ರೆಯಿಂದ ಬಂದವನೇ ಹೋಟೆಲಿನಲ್ಲಿ ಶೀರಾ ಮಾಡುವುದನ್ನೇ ನಿಲ್ಲಿಸಿದ. ಅಂದಿನಿಂದ ದೇವರಿಗೆ ಬಾಳೆಹಣ್ಣು, ಗಿರಾಕಿಗಳಿಗೆ ಉಪ್ಪಿಟ್ಟು. ಆಗ ಮೂರು ವರ್ಷದವಳಾಗಿದ್ದ ಸ್ನೇಹಾಳಿಗೆ ಆ ಚಮಚದ ಸರದಿ ಬರಲೇ ಇಲ್ಲ, ಮನೆಯಲ್ಲಿ ಸಿಹಿಯ ಹೆಸರೂ ಇಲ್ಲ. ಶಾಲೆಯಲ್ಲಿ ಗೆಳತಿಯರ ಹುಟ್ಟುಹಬ್ಬಕ್ಕೆ ಏನು ತಿನ್ನುತ್ತಿದ್ದಳೋ, ಅದನ್ನು ನಾನು ಕೇಳಲು ಹೋಗಿಲ್ಲ. ಆ ಕಾಯಿಲೆ ಸಿಹಿ ತಿಂದು ಬರುವುದಲ್ಲ ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಸಮಾಧಾನಕ್ಕೆ ಹೇಳುತ್ತಾರೆ ಎಂದು ಸುಧಾಕರ ನಂಬಿರಲಿಲ್ಲ.

ಮುಂಬ್ರಾ ಗುಡ್ಡದ ಮೇಲಿಂದ ನಾಲ್ಕಾರು ಜಲಪಾತಗಳು ಇಳಿಯುತ್ತಿದ್ದವು. ಸ್ನೇಹಾಳಿಗೆ ಕಾಣಲಿ ಎಂದು ಒಬ್ಬ ಪುಣ್ಯಾತ್ಮ ಬಾಗಿಲ ಬಳಿಯ ತನ್ನ ಜಾಗದಿಂದ ಒಂದು ಗೇಣು ಸರಿದ. ಆ ರೈಲಿನಲ್ಲಿ ಒಂದು ಗೇಣೆಂದರೆ ಆಸ್ತಿ ಬರೆದುಕೊಟ್ಟ ಹಾಗೆ. ಠಾಣೆಯಲ್ಲಿ ಇಳಿದು ಸೇತುವೆ ಹತ್ತಿ ಪನವೇಲಿನ ರೈಲು ನಿಲ್ಲುವ ಪ್ಲಾಟ್‌ಫಾರ್ಮಿಗೆ ಬಂದೆವು. ಅಲ್ಲಿ ಒಂದೊಂದು ವಡಾಪಾವ್ ತಿಂದೆವು. ಹಸಿದ ಹೊಟ್ಟೆಯಲ್ಲಿ ಬರಬೇಕಿಲ್ಲ ಎಂದು ಫೋನಿನಲ್ಲಿ ಹೇಳಿದ್ದರು. ಸುಧಾಕರ ವಡೆಯನ್ನು ಮುರಿದು ನೋಡಿ, "ಎಣ್ಣೆ ಹಳತು" ಎಂದು ತೀರ್ಪು ಕೊಟ್ಟು, ಪೂರ್ತಿ ತಿಂದ.

ಈ ಲೈನಿನಲ್ಲಿ ಕೂರಲು ಜಾಗ ಸಿಕ್ಕಿತು. ಐರೋಲಿ, ರಬಾಳೆ, ಘನಸೋಲಿ ಎಂದು ಒಂದೊಂದೇ ಸ್ಟೇಷನ್ ದಾಟಿತು, ಎಡಕ್ಕೆ ಕಾರ್ಖಾನೆಗಳು, ಅವುಗಳ ಹಿಂದೆ ಹಸಿರು ಗುಡ್ಡ. ಸ್ನೇಹಾ ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ಇಲ್ಲಿ ಹುಟ್ಟಿದ ಮಗು, ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲೇ ಉತ್ತರ. "ಸೂಜಿಗೆ ಹೆದರಿಕೆ ಉಂಟಾ ಮಗಾ?" ಎಂದು ಕೇಳಿದೆ.

"ಭಯ್ಯಾ ರೋಜ್ ಲೇತಾ ಹೈ ನಾ, ದೊಡ್ಡಮ್ಮ," ಎಂದಳು. ಅಣ್ಣ ದಿನಾ ಚುಚ್ಚಿಸಿಕೊಳ್ಳುತ್ತಾನಲ್ಲ, ತನಗೇನು ಎನ್ನುವ ಧಾಟಿ. ಸುಧಾಕರ ಮುಖ ತಿರುಗಿಸಿ ತುರ್ಭೆಯ ಗೋದಾಮುಗಳನ್ನು ನೋಡತೊಡಗಿದ.

ಬೇಲಾಪುರ ಸ್ಟೇಷನ್ನಿನಿಂದ ಆಟೋ ಹಿಡಿದು, ಸರಕಾರಿ ಕಚೇರಿಗಳ ಸಾಲು ದಾಟಿ ಆ ಕಟ್ಟಡ ತಲುಪಿದಾಗ ಮಳೆ ನಿಂತಿತ್ತು. ರಕ್ತ ತೆಗೆದದ್ದು ಕ್ಷಣದ ಕೆಲಸ. ಸ್ನೇಹಾ ಕಣ್ಣು ಮುಚ್ಚಲಿಲ್ಲ, ಮುಚ್ಚಿದ್ದು ಅವಳಪ್ಪ. ಆಮೇಲೆ ಸಂಶೋಧಕಿ ನಮ್ಮನ್ನು ಕೂರಿಸಿಕೊಂಡರು. ನಲವತ್ತರ ಆಸುಪಾಸಿನ ಮರಾಠಿ ಹೆಂಗಸು, ತಾಳ್ಮೆಯವರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ರೋಗಗಳಿಂದ ಮೈಯನ್ನು ಕಾಯುವ ಕೋಶಗಳು ರಕ್ತದಲ್ಲಿರುತ್ತವೆ. ಈ ಕಾಯಿಲೆಯಲ್ಲಿ ಅವೇ ತಪ್ಪು ತಿಳಿದು, ಇನ್ಸುಲಿನ್ ಮಾಡುವ ಕೋಶಗಳ ಮೇಲೆ ಬೀಳುತ್ತವೆ," ಎಂದರು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಾನು ಸುಧಾಕರನಿಗೆ ಹೇಳಿದೆ. ಅವನು ತಲೆಯಾಡಿಸಿದ.

"ಪ್ರತಿ ಕೋಶದಲ್ಲೂ ಎಲ್ಲ ಜೀನುಗಳೂ ಇರುತ್ತವೆ. ಆದರೆ ಎಲ್ಲವೂ ಎಲ್ಲ ಹೊತ್ತಿನಲ್ಲೂ ಕೆಲಸ ಮಾಡುವುದಿಲ್ಲ. ಕಾಯುವ ಕೋಶಗಳಲ್ಲಿ ಈಗ ಯಾವ ಜೀನು ಜೋರಾಗಿದೆ, ಯಾವುದು ಸುಮ್ಮನಿದೆ ಎಂದು ನಾವು ನೋಡುತ್ತೇವೆ. ಕಾಯಿಲೆ ಕಾಣಿಸುವ ಮೊದಲೇ ಅದರಲ್ಲೇನಾದರೂ ಸುಳಿವು ಸಿಗುತ್ತದೆಯೇ ಎಂಬುದು ನಮ್ಮ ಹುಡುಕಾಟ."

ಸುಧಾಕರ ಮೊದಲ ಬಾರಿ ಬಾಯಿ ಬಿಟ್ಟ. "ಅಂದರೆ ಮೆನು ಬೋರ್ಡ್ ಅಲ್ಲ. ಒಲೆಯ ಮೇಲೆ ಈಗ ಏನು ಬೇಯುತ್ತಿದೆ ಅಂತ ನೋಡುವುದು."

ಆಕೆ ನಕ್ಕು, ಹೌದು, ಹಾಗೆಯೇ ಎಂದರು. ಆಗ ಅವನು ಕೇಳಿಯೇಬಿಟ್ಟ. ಮೊದಲ ಚಮಚದ ಪದ್ಧತಿ, ಹಲ್ಲಿಲ್ಲದ ಪ್ರಣವ, ನಿಲ್ಲಿಸಿದ ಶೀರಾ, ಎಲ್ಲವನ್ನೂ ಹೇಳಿದ. "ಮೇಡಂ, ಆ ಒಲೆ ಹೊತ್ತಿಸಿದ್ದು ನನ್ನ ಕೈಯೇ?"

"ಅಲ್ಲ. ಸಿಹಿ ತಿಂದದ್ದರಿಂದ ಈ ಕಾಯಿಲೆ ಬರುವುದಿಲ್ಲ. ನಿಮ್ಮದೇನೂ ತಪ್ಪಿಲ್ಲ."

ನನಗೆ ಎದೆ ಹಗುರಾಯಿತು. ಆದರೆ ಸುಧಾಕರನ ಮುಖ ಅರಳಲಿಲ್ಲ. "ಹಾಗಾದರೆ ಇವಳಿಗೆ ಸಿಹಿ ಕೊಡದೇ ಇಟ್ಟದ್ದು?"

"ಅದರಿಂದ ಈ ಕಾಯಿಲೆಯನ್ನು ತಡೆಯಲಾಗುವುದಿಲ್ಲ," ಎಂದರು ಆಕೆ, ಮೆಲ್ಲಗೆ. "ಇವಳಿಗೆ ಬರುತ್ತದೋ ಇಲ್ಲವೋ ಎಂದು ಈ ಪರೀಕ್ಷೆಯಿಂದ ನಾನು ಹೇಳಲಾರೆ. ತುಂಬ ಮಕ್ಕಳ ರಕ್ತ ನೋಡಿ ಕಲಿಯುತ್ತಿದ್ದೇವೆ, ಅಷ್ಟೇ. ಒಡಹುಟ್ಟಿದವರಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. ಬಾಯಾರಿಕೆ ಜಾಸ್ತಿಯಾದರೆ, ಪದೇ ಪದೇ ಮೂತ್ರಕ್ಕೆ ಹೋದರೆ, ತೂಕ ಇಳಿದರೆ ತಡಮಾಡದೆ ಡಾಕ್ಟರ ಬಳಿ ಹೋಗಿ."

ವಾಪಸು ಬರುವಾಗ ಊಟಕ್ಕೆಂದು ಸಾನಪಾಡಾದಲ್ಲಿ ಇಳಿದೆವು. ಅಲ್ಲಿ ಸುಧಾಕರನ ಊರಿನವರೇ ಆದ ರಾಯರ ಹೋಟೆಲಿದೆ. ಹೋಟೆಲಿನವರು ಇನ್ನೊಬ್ಬ ಹೋಟೆಲಿನವನಿಂದ ಊಟದ ದುಡ್ಡು ತೆಗೆದುಕೊಳ್ಳುವುದಿಲ್ಲ, ಮೇಲಿಂದ ಒಂದು ಸಿಹಿಯನ್ನೂ ಕಳಿಸುತ್ತಾರೆ. ಅನ್ನ, ಸಾರು, ತೊಂಡೆಕಾಯಿ ಪಲ್ಯ ಮುಗಿಯುವ ಹೊತ್ತಿಗೆ ರಾಯರೇ ಬಂದು ಸ್ನೇಹಾಳ ಮುಂದೆ ಒಂದು ತಟ್ಟೆ ಇಟ್ಟರು. ತುಪ್ಪ ಒಸರುವ, ಬಿಸಿ ಬಿಸಿ ಶೀರಾ.

"ತಿನ್ನು ಮಗಾ, ನಾಚಿಕೆ ಎಂತದು," ಎಂದು ಹೇಳಿ ರಾಯರು ಗಲ್ಲಾಕ್ಕೆ ಹೋದರು.

ಸ್ನೇಹಾ ಶೀರಾವನ್ನು ನೋಡಲಿಲ್ಲ, ಅಪ್ಪನ ಮುಖ ನೋಡಿದಳು. ಸುಧಾಕರನ ಕೈ ತನ್ನಷ್ಟಕ್ಕೇ ಚಾಚಿ ತಟ್ಟೆಯನ್ನು ಈಚೆಗೆ ಎಳೆಯಿತು. ನನಗೆ ರೇಗಿತು.

"ಎಂತ ಮಾರಾಯಾ! ಅವರು ಅಷ್ಟು ಬಿಡಿಸಿ ಹೇಳಲಿಲ್ವಾ? ನಿನ್ನ ತಪ್ಪಲ್ಲ ಅಂತ ಕೇಳಿದಮೇಲೂ ಹೀಗೆ?"

ಅವನು ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿದ. ಆಮೇಲೆ ಹೇಳಿದ: "ಅಕ್ಕಾ, ತಪ್ಪು ನಂದೇ ಆಗಿದ್ರೆ ಒಳ್ಳೇದಿತ್ತು. ಅವನಿಗೆ ತಿನ್ನಿಸಿ ಹಾಳು ಮಾಡಿದೆ, ಇವಳಿಗೆ ತಿನ್ನಿಸದೆ ಉಳಿಸಿದೆ ಅಂತ ನಾಲ್ಕು ವರ್ಷದಿಂದ ನಿದ್ದೆ ಮಾಡ್ತಾ ಇದ್ದೇನೆ. ಈಗ ಎರಡೂ ಹೋಯ್ತಲ್ಲ. ಇನ್ನು ಎಂತ ಹಿಡ್ಕೊಂಡು ನಿದ್ದೆ ಮಾಡ್ಲಿ?"

ಮಾತಾಡಲೆಂದೇ ನನ್ನನ್ನು ಕರೆದುಕೊಂಡು ಹೋಗಿದ್ದರು. ನಾನು ನೀರಿನ ಲೋಟವನ್ನು ಅವನ ಕಡೆ ಸರಿಸಿದೆ. ಅವನ ಮೇಲೆ ರೇಗಿದ್ದಕ್ಕೆ ಬೇಸರವಾಯಿತು. ಶೀರಾ ಆರಿತು. ಕೊನೆಗೆ ಸುಧಾಕರ, "ಮನೆಯ ಮಗುವಿಗೆ ಮೊದಲ ಚಮಚ ಬೇರೆಯವರ ಒಲೆಯಿಂದ ಬೇಡ," ಎಂದು ಎದ್ದು ಕೈ ತೊಳೆಯಲು ಹೋದ. ತಿನ್ನುವ ಪದಾರ್ಥ ಕೆಡಿಸಬಾರದೆಂದು ತಟ್ಟೆಯನ್ನು ನಾನೇ ಖಾಲಿ ಮಾಡಿದೆ. ಚೆನ್ನಾಗಿಯೇ ಇತ್ತು.

ಸಾನಪಾಡಾದಿಂದ ಠಾಣೆಗೆ ನೇರ ರೈಲು ಸಿಕ್ಕಿತು, ನನ್ನ ಬಟ್ಟೆಯ ಚೀಲ ತಂಗಿಯ ಮನೆಯಲ್ಲೇ ಇದ್ದುದರಿಂದ ಅಲ್ಲಿಂದ ನಾನೂ ಅವರ ಜೊತೆ ಡೊಂಬಿವಲಿಗೆ. ಮುಂಬ್ರಾದಲ್ಲಿ ಮತ್ತೆ ಮಳೆ ಹಿಡಿಯಿತು. ಸ್ನೇಹಾ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ರಕ್ತ ತೆಗೆದ ಜಾಗದಲ್ಲಿ ಅಂಟಿಸಿದ ಪಟ್ಟಿಯ ಮೇಲೆ ಅವನು ದಾರಿಯುದ್ದಕ್ಕೂ ಹೆಬ್ಬೆರಳು ಇಟ್ಟುಕೊಂಡಿದ್ದ.

ಮಳೆ ಬಿಡದ್ದರಿಂದ ನಾನು ತಂಗಿಯ ಮನೆಯಲ್ಲೇ ಉಳಿದೆ. ಮರುದಿನ ಕಚೇರಿಗೆ ಹೊರಡುವ ಮೊದಲು ಹೋಟೆಲಿಗೆ ಹೋದೆ. ಒಳಗೆ ರವೆ ಹುರಿಯುವ ಪರಿಮಳ ಬರುತ್ತಿತ್ತು. ಅಡುಗೆಯವನನ್ನು ಸರಿಸಿ ಸುಧಾಕರನೇ ಒಲೆಯ ಮುಂದೆ ನಿಂತಿದ್ದ. ದೇವರ ಪಟದ ಮುಂದೆ ಬಾಳೆಲೆಯ ತುಂಡಿನಲ್ಲಿ ಶೀರಾ ಇಟ್ಟ. ಪ್ರಣವ ಮೂಲೆಯ ಟೇಬಲ್ಲಿನಲ್ಲಿ ತನ್ನ ಪಾಲಿಗೆಷ್ಟು ಇನ್ಸುಲಿನ್ ಬೇಕೆಂದು ವಿಜಯಾಳ ಜೊತೆ ಚರ್ಚೆ ಮಾಡುತ್ತಿದ್ದ. ಶಾಲೆಯ ಯೂನಿಫಾರ್ಮಿನಲ್ಲಿದ್ದ ಸ್ನೇಹಾಳನ್ನು ಸುಧಾಕರ ಗಲ್ಲಾದ ಮೇಲೆ ಕೂರಿಸಿ ಮೊದಲ ಚಮಚ ಬಾಯಿಗಿಟ್ಟ. ನಾವೆಲ್ಲ ಅವಳ ಮುಖವನ್ನೇ ನೋಡುತ್ತಿದ್ದೆವು.

ಅವಳು ನುಂಗಿದಳು, ಖಾಲಿ ಚಮಚ ನೋಡಿದಳು, ಅಪ್ಪನನ್ನು ನೋಡಿದಳು.

"ಬಸ್? ಇತ್‌ನಾ ಹೀ?"

ಇಷ್ಟೇನಾ ಎಂದು ಕೇಳಿದವಳಿಗೆ ಸುಧಾಕರ ಇನ್ನೊಂದು ಚಮಚ ತುಂಬಿದ. ಬಾಯಿಯ ಹತ್ತಿರ ತಂದು ಒಮ್ಮೆ ನಿಲ್ಲಿಸಿದ. ಆದರೂ ಕೊಟ್ಟ.