ನೀಲಿ ಗೇಟಿನ ಮನೆ

ಐರಿನ್, ಕಾಪುವಿನಲ್ಲಿ ನೀಲಿ ಗೇಟಿನ ಆ ಮನೆ ಇಲ್ಲ. ಯಾವತ್ತೂ ಇರಲಿಲ್ಲ. ಅಲ್ಲಿಂದ ಫೋನೂ ಬಂದಿರಲಿಲ್ಲ. ಎಲ್ಲವನ್ನೂ ಕಟ್ಟಿದವಳು ನಾನು — ಒಂದು ಸಂಜೆ, ಮಣಿಪಾಲದ ಸ್ಟುಡಿಯೋದಲ್ಲಿ, ರಿಸೀವರ್ ಕೆಳಗಿಟ್ಟು ತಲೆ ಎತ್ತುವಷ್ಟರಲ್ಲಿ.

ಮೊನ್ನೆ ನಿನ್ನ ಮೆಸೇಜ್ ಬಂದಾಗ ನಾನು ಶಿರ್ವದ ನಮ್ಮ ಅಡುಗೆಮನೆಯಲ್ಲಿ ಬಂಗುಡೆ ಮೀನು ಸರಿಮಾಡುತ್ತಾ ಇದ್ದೆ. "ಡಿಸೆಂಬರಿನಲ್ಲಿ ಬರ್ತೇನೆ ಫ್ಲೋರಿನ್. ಆ ಮನೆ ಒಮ್ಮೆ ಹುಡುಕಿ ಇಡು ಮಾರಾಯ್ತಿ. ಕಾಲು ಗಟ್ಟಿ ಇರುವಾಗಲೇ ಹೋಗಿ ಅವರ ಹತ್ತಿರ ಕ್ಷಮೆ ಕೇಳಬೇಕು." ಓದಿದೆ. ಕೈ ತೊಳೆದು ಬಂದು ಮತ್ತೆ ಓದಿದೆ. ಆ ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ನೀನು ಈಗ ದೊಡ್ಡವಳು. ಅಮೆರಿಕದ ಆ ಪಟ್ಟಣದ ಟಿವಿಯಲ್ಲಿ ವಾರ್ತೆ ಓದಿದ ಮೊದಲ ಚೀನೀ ಹೆಂಗಸು ಎಂದು ನಿನ್ನನ್ನು ಕೊಂಡಾಡುವುದನ್ನು ನಾನೂ ನೋಡಿದ್ದೇನೆ. ನನಗೆ ಮಾತ್ರ ನೀನು ಇನ್ನೂ ಕಾರ್ಕಳ ಬಸ್ ಸ್ಟ್ಯಾಂಡಿನ ಹತ್ತಿರ, ದೊಡ್ಡದೊಂದು ಹಲ್ಲಿನ ಸೆಟ್ಟು ಬರೆದ ಬೋರ್ಡಿನ ಕೆಳಗೆ ನಿಂತು ರಿಕ್ಷಾದವನ ಹತ್ತಿರ ತುಳುವಿನಲ್ಲಿ ಜಗಳ ಮಾಡುವ ಹುಡುಗಿ. ನಿನ್ನ ಅಜ್ಜ ಕಲ್ಕತ್ತೆಯ ಚೀನೀಯರ ಕೇರಿಯಿಂದ ಬಂದವರು, ಅಪ್ಪ ಹಲ್ಲಿನ ಡಾಕ್ಟರು, ನೀನು ಹುಟ್ಟಿದ್ದು ಕಾರ್ಕಳದಲ್ಲೇ. ಹೊಸಬರು ನಿನ್ನ ಮುಖ ನೋಡಿ ಇಂಗ್ಲಿಷಿನಲ್ಲಿ ಶುರುಮಾಡಿದರೆ, "ಎಂತ, ನನಗೆ ಕನ್ನಡ ಬರುವುದಿಲ್ಲ ಅಂತ ಹೇಳಿದ್ದು ಯಾರು?" ಎಂದು ಕೇಳಿ ನೀನು ಅವರ ಬಾಯಿ ಮುಚ್ಚಿಸುತ್ತಿದ್ದೆ.

ಮೂವತ್ತು ವರ್ಷದ ಹಿಂದೆ ನಾವಿಬ್ಬರೂ ಕೆಲಸ ಮಾಡಿದ ಮಣಿಪಾಲದ ಆ ಕೇಬಲ್ ಚಾನೆಲ್ ಎಂದರೆ ಎಷ್ಟು ದೊಡ್ಡದು? ಬೇಕರಿಯ ಮೇಲೆ ಎರಡು ಕೋಣೆ, ಒಂದು ಕ್ಯಾಮೆರಾ, ಸದ್ದು ಮಾಡುವ ಎಸಿ — ವಾರ್ತೆಯ ಹೊತ್ತಿಗೆ ಅದನ್ನೂ ಬಂದ್ ಮಾಡಬೇಕು. ಆದರೆ ಏಳು ಗಂಟೆಗೆ ಮಲ್ಪೆಯಿಂದ ಕಾರ್ಕಳದವರೆಗೆ ಜನ ಅದರ ಮುಂದೆ ಕೂರುತ್ತಿದ್ದರು. ಅವರಿಗೆ ಬೇಕಾದದ್ದು ಕೊನೆಯ ಐದು ನಿಮಿಷ. ನಿಧನ ವಾರ್ತೆ. ಯಾರು ಹೋದರು, ಯಾವ ಮನೆಯವರು, ಅಂತ್ಯಕ್ರಿಯೆಗೆ ಎಷ್ಟು ಹೊತ್ತಿಗೆ ಹೋಗಬೇಕು.

ಅದನ್ನು ನಿನ್ನ ಹಾಗೆ ಓದಿದವರಿಲ್ಲ. ನಾನು ಬರೆದು ಕೊಟ್ಟದ್ದನ್ನು ಹಿಡಿದುಕೊಂಡು ನೀನು ಒಂದೊಂದು ಮನೆಗೂ ಫೋನ್ ಮಾಡುತ್ತಿದ್ದೆ. ಅಲ್ಲಿ ಫೋನಿಲ್ಲದಿದ್ದರೆ ನೆರೆಮನೆಗೆ. "ಅಜ್ಜನನ್ನು ಊರಲ್ಲಿ ಎಂತ ಹೇಳಿ ಕರೆಯುತ್ತಿದ್ದದ್ದು?" ಸಂಜೆ ನೀನು "ಊರವರಿಗೆಲ್ಲ ಬಾಬಣ್ಣನೆಂದೇ ಪರಿಚಿತರಾದ" ಎಂದು ಓದುವಾಗ, ಸತ್ತವರು ಅಲ್ಲೇ ಜಗಲಿಯಲ್ಲಿ ಕೂತು ಕೇಳುತ್ತಿದ್ದಾರೆ ಅನಿಸುತ್ತಿತ್ತು. ಕಡಿಯಾಳಿಯ ಒಬ್ಬ ಮುದುಕಿ, ತಾನು ಸತ್ತರೆ ಆ ಚೀನಾ ಹುಡುಗಿಯೇ ಓದಬೇಕು ಎಂದು ಮಕ್ಕಳಿಗೆ ಹೇಳಿಟ್ಟಿದ್ದರಂತೆ. ಅದನ್ನು ತಿಳಿಸಲು ಮಕ್ಕಳು ಮಾಡಿದ ಫೋನ್ ತೆಗೆದದ್ದು ನಾನೇ. ನಿನಗೆ ಹೇಳಲಿಲ್ಲ.

ಹೊಟ್ಟೆಕಿಚ್ಚು ಐರಿನ್. ಬೇರೆ ಹೆಸರು ಹುಡುಕಿ ಸುಸ್ತಾದೆ, ಸಿಗಲಿಲ್ಲ. ವಾರ್ತೆ ಓದುವ ಆ ಕುರ್ಚಿಗೆ ನಾವಿಬ್ಬರೂ ಒಂದೇ ದಿನ ಪರೀಕ್ಷೆ ಕೊಟ್ಟೆವು. ನಿನಗೆ ಕುರ್ಚಿ ಸಿಕ್ಕಿತು, ನನಗೆ ಫೋನಿನ ಮೇಜು. ನನ್ನ ಅಮ್ಮ ಅಷ್ಟರಲ್ಲಿ ಮಗಳು ಟಿವಿಯಲ್ಲಿ ಬರ್ತಾಳೆ ಅಂತ ಇಗರ್ಜಿಯಲ್ಲಿ ಎಲ್ಲರಿಗೂ ಹೇಳಿ ಆಗಿತ್ತು. ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿದು ಹೊರಗೆ ಬಂದರೆ ಎಲ್ಲರದೂ ಒಂದೇ ಪ್ರಶ್ನೆ — "ನಿನ್ನನ್ನು ಯಾವಾಗ ತೋರಿಸ್ತಾರೆ?"

ಆ ಸಂಜೆ ಫೋನ್ ಬಂದದ್ದು ನಿಜ. ಕಾಪುವಿನಿಂದ ಯಾರೋ ಹೆಂಗಸು, ಟಿವಿ ಸರಿ ಕಾಣುವುದಿಲ್ಲ, ಗೆರೆ ಗೆರೆ ಬರುತ್ತದೆ ಎಂದು ದೂರು ಹೇಳಿದರು. ಅಷ್ಟೇ. ರಿಸೀವರ್ ಇಟ್ಟೆ. ನಮ್ಮ ಮಾಲಕರು ರಮಾನಂದಣ್ಣ ಬಾಗಿಲಲ್ಲಿ ನಿಂತು "ಎಂತಂತೆ?" ಅಂದರು. ನೀನು ಅವರ ಹಿಂದೆಯೇ ಇದ್ದೆ, ಸೀರೆಯ ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತಾ. ನನ್ನ ಬಾಯಿ ಹೇಳಿತು —

"ಕಾಪುವಿನವರು. ನಮ್ಮ ಅಪ್ಪನ ಸಾವನ್ನು ಆ ಚೀನಾ ಮುಖದಿಂದ ಕೇಳುವ ಹಾಗಾಯಿತಲ್ಲ ಅಂತ ಅಳ್ತಾ ಇದ್ರು."

ಬಾಯಿ ಹೇಳಿತು ಎನ್ನುತ್ತೇನೆ ನೋಡು, ಈಗಲೂ! ಬಾಯಲ್ಲ. ನಾನು ಹೇಳಿದ್ದು.

ರಮಾನಂದಣ್ಣ, ಪಾಪ, "ಬಿಡಿ, ಸಾವಿನ ಮನೆಯಲ್ಲಿ ಜನ ಏನೇನೋ ಹೇಳ್ತಾರೆ" ಅಂದರು. ಅಲ್ಲಿಗೆ ಮುಗಿಯುತ್ತಿತ್ತು. ನೀನು ಬಿಡಲಿಲ್ಲ. ಪಿನ್ನು ಕೈಯಲ್ಲೇ ಹಿಡಿದು "ಯಾವ ಮನೆ?" ಎಂದು ಕೇಳಿದೆ. ಹೆಸರು ಹೇಳಲಿಲ್ಲ, ಯಾವತ್ತಿನ ವಾರ್ತೆ ಅಂತಲೂ ಹೇಳಲಿಲ್ಲ ಅಂದೆ ನಾನು. ನೀನು ನನ್ನನ್ನೇ ನೋಡುತ್ತಾ ಇದ್ದೆ. ಅದಕ್ಕೇ ನಾನು ಇನ್ನಷ್ಟು ಹೇಳಿದೆ — ದೀಪಸ್ತಂಭದ ಕಡೆಗೆ ಹೋಗುವ ದಾರಿಯಲ್ಲಂತೆ, ನೀಲಿ ಗೇಟಿನ ಮನೆಯಂತೆ. ಯಾಕೆ ನೀಲಿ? ಮಾರಾಯ್ತಿ, ನನಗೂ ಗೊತ್ತಿಲ್ಲ.

ನೀನು ಅಳುತ್ತೀ, ಇಲ್ಲವೇ ಬಯ್ಯುತ್ತೀ ಎಂದುಕೊಂಡಿದ್ದೆ. ನೀನು ಬಸ್ಸು ಹತ್ತಿದೆ. ಮೂರು ಭಾನುವಾರ ಕಾಪುವಿಗೆ ಹೋಗಿ, ಕಡಲಿನ ಆ ದಾರಿಯುದ್ದಕ್ಕೂ ನೀಲಿ ಬಣ್ಣ ಕಂಡಲ್ಲೆಲ್ಲ ಗೇಟು ತೆರೆದು ಕೇಳಿದೆ — "ನನ್ನಿಂದ ನಿಮಗೆ ಬೇಸರ ಆಗಿದೆಯಾ?" ಮೂರನೆಯ ವಾರ ಬಂದು ನನ್ನ ಮೇಜಿನ ಅಂಚಿನಲ್ಲಿ ಕೂತೆ. ಚಪ್ಪಲಿಯಲ್ಲಿ ಇನ್ನೂ ಕಡಲ ತೀರದ ಹೊಯ್ಗೆ ಇತ್ತು.

"ಎಲ್ಲರೂ ಒಳಗೆ ಕರೆದು ಕೂರಿಸಿದರು. ಒಬ್ಬರು ಅಜ್ಜಿ ಮರದಿಂದ ಎಳನೀರಿನ ಬೊಂಡ ತೆಗೆಸಿ ಕೊಟ್ಟರು. ನೀನು ಓದಿದರೇ ನಮಗೆ ಆಗುವುದು ಅಂದರು." ಚಪ್ಪಲಿಯ ಮರಳು ಕೊಡವುತ್ತಾ ನೀನೇ ಮತ್ತೆ ಅಂದೆ, "ಮನೆಗೆ ಬಂದವರ ಮುಖಕ್ಕೆ ಹೊಡೆದ ಹಾಗೆ ಹೇಳುವ ಜನ ಅಲ್ಲ ಫ್ಲೋರಿನ್ ನಮ್ಮವರು. ಫೋನ್ ಮಾಡಿದ್ದು ಆ ಅಜ್ಜಿಯ ಮನೆಯವರೇ ಇರಬೇಕು."

ನಮ್ಮವರು ಅಂದೆ ನೀನು. ಆಗಲಾದರೂ ನಾನು ನಿಜ ಹೇಳಬಹುದಿತ್ತು. ನಾನು ತಲೆಯಾಡಿಸಿದೆ — ಹೌದು, ಇರಬಹುದು ಅಂದೆ.

ಊರಿನ ಮರ್ಯಾದೆ ನಿನಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಜನ ತೋರಿಸಿದ ಪ್ರೀತಿಯನ್ನೇ ನೀನು ಬರಿಯ ಮರ್ಯಾದೆ ಎಂದುಕೊಂಡೆ. ಹೊರಗಿನವಳಾಗಿದ್ದರೆ ಅಜ್ಜಿಯ ಮಾತನ್ನು ನಂಬಿ, ಬೊಂಡ ಕುಡಿದು, ಮರುದಿನ ಕುರ್ಚಿಯಲ್ಲಿ ಕೂರುತ್ತಿದ್ದೆ. ನೀನು ರಮಾನಂದಣ್ಣನ ಹತ್ತಿರ ಹೋಗಿ "ಇನ್ನು ಫ್ಲೋರಿನ್ ಓದಲಿ" ಅಂದೆ. ಅವರು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಮರುವರ್ಷ ನಿಮ್ಮ ಮನೆಯವರೆಲ್ಲ ಅಮೆರಿಕದ ಚಿಕ್ಕಪ್ಪನ ಹತ್ತಿರ ಹೋದಿರಿ.

ಹನ್ನೊಂದು ವರ್ಷ ನಾನು ಓದಿದೆ. ಒಂದೇ ಒಂದು ಮನೆಗೆ ಫೋನ್ ಮಾಡಲಿಲ್ಲ. ಹೆಸರು, ವಯಸ್ಸು, ಊರು — ಓದಿ ಎದ್ದೆ.

ಈಗ ಒಂದು ವಿಚಿತ್ರ ಹೇಳುತ್ತೇನೆ, ನಗಬೇಡ. ಆ ಮನೆ ಬೆಳೆಯುತ್ತಾ ಬಂತು. ಮೊದಲು ಗೇಟು ಮಾತ್ರ ಇತ್ತು. ಆಮೇಲೆ ಯಾವುದೋ ಮಧ್ಯಾಹ್ನದ ಜೊಂಪಿನಲ್ಲಿ ಗೇಟಿನ ಆಚೆ ಹೊಯ್ಗೆಯ ಅಂಗಳ ಕಾಣಿಸಿತು, ಒಂದು ದಾಸವಾಳದ ಗಿಡ, ಒಣಹಾಕಿದ ಬಿಳಿ ಪಂಚೆ. ಮತ್ತೊಂದು ದಿನ ಒಳಗಿನ ಕೋಣೆ. ಕಡಲಿನ ಸದ್ದು ಎಷ್ಟು ಹತ್ತಿರವೆಂದರೆ ಗೋಡೆಗೆ ಕೈಯಿಟ್ಟರೆ ಗೊತ್ತಾಗುತ್ತದೆ. ಅಲ್ಲಿ ಟಿವಿ ಉಂಟು, ಟಿವಿಯಲ್ಲಿ ನೀನು ಓದುತ್ತಾ ಇದ್ದೀ. ಕೂತು ನೋಡುವವರು ಯಾರೂ ಇಲ್ಲ. ನಾನೇ. ಯಾವ ಹೆಸರು ಓದುತ್ತೀ ಎಂದು ಕೇಳಲು ಬಗ್ಗುತ್ತೇನೆ — ಅಷ್ಟರಲ್ಲಿ ಎಚ್ಚರ. ಹೊರಗೆ ತೆಂಗಿನ ಮರ, ನಮ್ಮದೇ ಶಿರ್ವದ ಬಿಸಿಲು.

ಪಾದ್ರಿಗಳ ಮುಂದೆ ಮೊಣಕಾಲೂರಿದಾಗಲೆಲ್ಲ ಬೇರೆ ಪಾಪಗಳನ್ನು ಹೇಳಿ ಬಂದೆ. ಕೋಪ ಮಾಡಿದೆ, ಅತ್ತೆಗೆ ಎದುರು ಮಾತಾಡಿದೆ, ಇಂಥವು. ಇದನ್ನು ಹೇಳಲಿಲ್ಲ. ದೇವರಿಗೆ ಹೇಗೂ ಗೊತ್ತುಂಟು, ಗೊತ್ತಾಗಬೇಕಾದದ್ದು ನಿನಗೆ.

ನಿನ್ನ ನಿವೃತ್ತಿಯ ಸಂದರ್ಶನವನ್ನು ಮಗಳು ಮೊಬೈಲಿನಲ್ಲಿ ಹಾಕಿ ತೋರಿಸಿದಳು. ಕೂದಲು ಬೆಳ್ಳಗಾಗಿದೆ, ಚಂದ ಕಾಣುತ್ತೀ. ಇಷ್ಟು ವರ್ಷ ಕ್ಯಾಮೆರಾ ಮುಂದೆ ಕೂತಾಗ ಏನನಿಸುತ್ತಿತ್ತು ಎಂದು ಅವರು ಕೇಳಿದರು. ನೀನು ನಕ್ಕೆ. ಕಡಲ ತೀರದಲ್ಲಿ ಒಂದು ನೀಲಿ ಗೇಟಿನ ಮನೆ ಇದೆ, ಕ್ಯಾಮೆರಾದ ದೀಪ ಹೊತ್ತಿದ ಕೂಡಲೇ ಆ ಮನೆಯಲ್ಲಿ ಯಾರೋ ಎದ್ದು ಟಿವಿ ಆರಿಸುತ್ತಾರೆ ಅನಿಸುತ್ತದೆ, ಅಂದೆ. ಪ್ರತಿ ದಿನವೂ, ಅಂದೆ. ಮಗಳು "ಇದು ಯಾವ ಮನೆ ಅಮ್ಮಾ?" ಎಂದು ನನ್ನನ್ನು ಕೇಳಿದಳು. ಅಯ್ಯೋ ದೇವರೇ, ನಾನು ಅವಳಿಗೂ ಗೊತ್ತಿಲ್ಲ ಅಂದೆ.

ನಿನ್ನ ಕುರ್ಚಿ ಕಸಿದುಕೊಂಡೆ ಎಂದಷ್ಟೇ ಇಷ್ಟು ದಿನ ತಿಳಿದಿದ್ದೆ. ಅಲ್ಲಿ ನಿನಗೆ ದೊಡ್ಡ ಕುರ್ಚಿ ಸಿಕ್ಕಿತಲ್ಲ, ಸರಿಹೋಯಿತು ಎಂದು ಒಳಗೊಳಗೇ ಸಮಾಧಾನವನ್ನೂ ಮಾಡಿಕೊಂಡಿದ್ದೆ. ಆ ಕುರ್ಚಿಯಲ್ಲೂ ನೀನು ಒಂದು ದಿನವೂ ನಿಶ್ಚಿಂತೆಯಿಂದ ಕೂರಲಿಲ್ಲ ಎಂದು ಗೊತ್ತಾದದ್ದು ಆಗಲೇ.

ನಿನ್ನೆ ಕಾಪುವಿಗೆ ಹೋಗಿದ್ದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ದಾರಿಯಲ್ಲಿ ನಡೆದೆ. ಕಡಲಿನ ಮೇಲೆ ಮಂಜಿನಂಥದೇನೋ ಇತ್ತು, ದೀಪಸ್ತಂಭ ಅರ್ಧ ಮಾತ್ರ ಕಾಣುತ್ತಿತ್ತು. ನೀಲಿ ಗೇಟುಗಳು ಈಗಲೂ ಮೂರು ಉಂಟು. ಒಂದರ ಒಳಗೆ ಹೋಗಿ ಕೇಳಿದೆ, ಅದೇ ಆ ಅಜ್ಜಿಯ ಮನೆಯಾಗಿತ್ತು. ಬೊಂಡ ಕೊಟ್ಟ ಅಜ್ಜಿ ಹೋಗಿ ತುಂಬ ವರ್ಷವಾಯಿತಂತೆ. ಸೊಸೆಗೆ ನಿನ್ನ ನೆನಪಿತ್ತು. "ಆ ಹುಡುಗಿ ಮತ್ತೆ ಬರಲೇ ಇಲ್ಲ. ಅತ್ತೆ ಆಮೇಲೆ ಏಳು ಗಂಟೆಗೆ ಟಿವಿ ಹಾಕುವುದನ್ನೇ ಬಿಟ್ಟರು" ಅಂದರು. ಅಜ್ಜಿ ಸತ್ತ ಸುದ್ದಿ ಓದಿದ್ದು ನಾನಂತೆ. ನನಗೆ ನೆನಪಿಲ್ಲ.

ಡಿಸೆಂಬರಿನಲ್ಲಿ ನೀನು ಯಾರ ಗೇಟನ್ನೂ ತಟ್ಟಬೇಡ. ಉಡುಪಿಯಲ್ಲಿ ನೀನು ಉಳಿಯುವಲ್ಲಿಗೆ ನಾನೇ ಬರುತ್ತೇನೆ; ಬಾಗಿಲು ತೆರೆಯುವುದು ಬಿಡುವುದು ನಿನಗೆ ಸೇರಿದ್ದು. ಇದಕ್ಕೆ ನೀನು ಉತ್ತರ ಬರೆಯದಿದ್ದರೂ ಬರುತ್ತೇನೆ. ಇದೊಂದನ್ನು ಮಾತ್ರ ಈಗಲೇ ತಿಳಿದುಕೋ, ಅಲ್ಲಿಯವರೆಗೆ ಕಾಯಿಸಲಾರೆ. ಆ ಅಜ್ಜಿ ಮರ್ಯಾದೆಗೆ ಹೇಳಿದ್ದಲ್ಲ ಐರಿನ್. ಅವರಿಗೆ ನೀನೇ ಓದಬೇಕಿತ್ತು.